ಖಂಡೆಗಳ ಮನೆಯಲ್ಲಿ ನನ್ನ ನೌಕರಿ

ಖಂಡೆಯನ್ನು ಎರಡೂ ಕೈಯಿಂದ ಎತ್ತಬೇಕು. ಒಂದು ಕೈ ಹಿಡಿಕೆಯ ಕೆಳಗೆ, ಇನ್ನೊಂದು ಅಲಗಿನ ನಡುವಿಗೆ, ಕೂಸನ್ನು ಎತ್ತಿಕೊಂಡ ಹಾಗೆ. ಕೈಗೆ ಹತ್ತಿಬಟ್ಟೆಯ ಗವಸು ಇರಬೇಕು. ನಮ್ಮ ಬೆವರಿನ ಉಪ್ಪು ಹಳೆಯ ಕಬ್ಬಿಣಕ್ಕೆ ತಾಗಿದರೆ ಬೆರಳಿನ ಗುರುತು ಮುಂದೊಂದು ದಿನ ತುಕ್ಕಾಗಿ ಮೂಡುತ್ತದೆ. ನೌಕರಿಗೆ ಹೊಸದಾಗಿ ಬರುವವರಿಗೆ ನಾನು ಕಲಿಸಬೇಕಾದದ್ದು ಇಷ್ಟೇ, ಉಳಿದದ್ದು ಪುಸ್ತಕದಲ್ಲಿದೆ ಅಂತ ಒಂದು ಕಾಲಕ್ಕೆ ತಿಳಿದಿದ್ದೆ. ಪುಸ್ತಕದಲ್ಲಿ ಇಲ್ಲದ್ದೇ ಹೆಚ್ಚು. ನಿವೃತ್ತಿಯಾದ ಮೇಲೆ ಪುರುಸೊತ್ತು ಸಿಕ್ಕಿದೆ, ಅದನ್ನು ಬರೆದಿಡುತ್ತೇನೆ.

ನಾನು ಶಹಾಪುರ ತಾಲೂಕಿನ ಸಗರದವಳು. ಅಪ್ಪ ಅವ್ವ ಇಬ್ಬರೂ ಬೇರೆಯವರ ಹೊಲದಲ್ಲಿ ಕೂಲಿ ಮಾಡಿದವರು. ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲಿಗಳು ನಾನು. ಇದನ್ನು ಹೇಳುವಾಗ ಈಗಲೂ ಬೆನ್ನು ನೆಟ್ಟಗಾಗುತ್ತದೆ, ಆಗಲಿ ಬಿಡ್ರಿ. ರಜೆಯಲ್ಲಿ ಹತ್ತಿ ಬಿಡಿಸಿ, ಇತಿಹಾಸದಲ್ಲಿ ಎಂ.ಎ. ಮುಗಿಸಿ, ಕಡೆಗೆ ಸುರಪುರದ ಸಣ್ಣ ಮ್ಯೂಜಿಯಮ್ಮಿಗೆ ಪಾಲಕಿಯಾಗಿ ನೇಮಕವಾದಾಗ ಊರಲ್ಲಿ ನಮ್ಮ ಕಾಕಾ ಕಟ್ಟೆಯ ಮೇಲೆ ಕುಳಿತು ಅಂದಿದ್ದ: "ಬುದ್ಧನ ಫೋಟೋ ಇಟ್ಟ ಮನಿ ಮಗಳು ಕತ್ತಿ ಕಾಯಾಕ ಹೊಂಟಾಳ ನೋಡ್ರಪ್ಪ."

ಅವ್ವ ಜೋಳ ಹಸನು ಮಾಡುತ್ತಿದ್ದವಳು ತಲೆ ಎತ್ತಲಿಲ್ಲ. "ಕಾಯೋದು ಪಾಪಲ್ಲ. ಬೀಸೋದು ಪಾಪ" ಅಂದಳು. ಕಾಕಾ ಬೀಡಿ ಹಚ್ಚಿಕೊಂಡ.

ಮ್ಯೂಜಿಯಂ ಅಂದರೆ ಎರಡು ಕೋಣೆ, ಒಂದು ಪಡಸಾಲೆ, ಮುಂದೊಂದು ಬೇವಿನ ಗಿಡ. ಸಂಸ್ಥಾನದ ಕಾಲದ ಖಂಡೆಗಳು, ಗುರಾಣಿಗಳು, ಮದ್ದು ತುಂಬಿ ಹಾರಿಸುವ ಉದ್ದನೆಯ ತುಪಾಕಿಗಳು, ಗಾಲಿ ಕಳೆದುಕೊಂಡ ಒಂದು ಸಣ್ಣ ಹಿತ್ತಾಳೆ ತೋಪು, ಕಲ್ಲಿನ ಗುಂಡುಗಳು. ಧೂಳು ಎಲ್ಲದರ ಮೇಲೂ ಸಮನಾಗಿ ಕೂತಿತ್ತು. ಮೊದಲನೇ ದಿನ ಒಂದು ಖಂಡೆಯನ್ನು ಹೊರಗೆ ತೆಗೆದು ಹಿಡಿಕೆಯೊಳಗೆ ಬೆರಳು ಹಾಕಿದೆ. ರಾಜರು, ಸರದಾರರು, ಆಳೆತ್ತರದ ವೀರರು ಅಂತ ನಾನು ಓದಿದ್ದೆ. ಆದರೆ ಆ ಹಿಡಿಕೆ ಎಷ್ಟು ಸಣ್ಣದಿತ್ತು ಅಂದರೆ ನನ್ನ ಕೈಗೆ ಬಿಗಿಯಾಗಿ ಒಪ್ಪಿತು. ಇದನ್ನು ಹಿಡಿದವರ ಕೈ ನಮ್ಮಪ್ಪನ ಕೈಯಷ್ಟೇ ಇದ್ದೀತು. ಜೋಳದ ರೊಟ್ಟಿ ಮುರಿಯುವ, ಕುಡುಗೋಲು ಹಿಡಿಯುವ ಕೈ. ಅಂಥ ಕೈಯವರು ಇಲ್ಲಿ ಗುಡ್ಡದ ಮೇಲೆ ನಿಂತು ವೈರಿಗಳ ತೋಪಿಗೆ ಎದೆ ಕೊಟ್ಟರು. ಖಂಡೆಯನ್ನು ಮತ್ತೆ ಒಳಗಿಟ್ಟೆ. ಎಷ್ಟೋ ವರ್ಷ ನೌಕರಿ ಮಾಡಿದರೂ ಆ ಬೆರಗು ಇಳಿಯಲಿಲ್ಲ.

ನೋಡುವವರು ಮಾತ್ರ ಯಾರೂ ಇರಲಿಲ್ಲ. ಮಳೆ ಬಂದರೆ ಪಡಸಾಲೆಗೆ ಆಡು ಬರುತ್ತಿದ್ದವು, ಬಿಸಿಲಿಗೆ ಬಸ್ ಕಾಯುವವರು ಬರುತ್ತಿದ್ದರು. ಕಲಬುರಗಿಯಿಂದ ನಮ್ಮ ದೊಡ್ಡ ಸಾಹೇಬರು ಒಮ್ಮೆ ಬಂದು ಎರಡೂ ಕೋಣೆ ಸುತ್ತಿ ಹೊರಗೆ ನಿಂತರು. ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ, ಹಳೆಯ ಕಬ್ಬಿಣ ಅಂದರೆ ಜೀವ ಬಿಡುವವರು.

"ನೋಡಮ್ಮ, ಜನ ಬರದ ಕಡೆ ಇಂಥ ವಸ್ತು ಇಟ್ಟುಕೊಂಡು ಏನ್ಮಾಡೋದು? ಕಲಬುರಗಿಯಲ್ಲಿ ದೊಡ್ಡ ಕಟ್ಟಡ ಇದೆ, ಅಲ್ಲಿಗೆ ಸಾಗಿಸಿದ್ರೆ ನೋಡೋರಾದ್ರೂ ಇರ್ತಾರೆ. ದಸರಾ ತನಕ ನೋಡ್ತೀನಿ. ಹೀಗೇ ಇದ್ದರೆ ಲಾರಿ ಕಳಿಸ್ತೀನಿ" ಅಂದರು. ಸಿಟ್ಟಿನಿಂದ ಅನ್ನಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಸಿಟ್ಟಿನ ಮಾತು ಇಳಿದುಹೋಗುತ್ತದೆ, ವಿಚಾರ ಮಾಡಿ ಆಡಿದ ಮಾತು ಇಳಿಯುವುದಿಲ್ಲ.

ಮಂದಿಯನ್ನು ಕರೆಯಲು ನಾನು ಮಾಡಿದ ಮೊದಲ ಕೆಲಸ ಕರಪತ್ರ ಹಂಚಿದ್ದು. ಎಂ.ಎ. ಓದಿದ ಕನ್ನಡವನ್ನೆಲ್ಲ ಅದರಲ್ಲಿ ಸುರಿದಿದ್ದೆ. "ಪ್ರಾಚೀನ ಶಸ್ತ್ರಾಸ್ತ್ರಗಳ ವೀಕ್ಷಣೆಯ ನಿಮಿತ್ತ ಸಮಸ್ತ ಸಾರ್ವಜನಿಕರು ತಪ್ಪದೇ ಹಾಜರಾಗತಕ್ಕದ್ದು." ಮೇಲೆ ಸರ್ಕಾರದ ಮುದ್ರೆ. ರಂಗಂಪೇಟೆ, ಸುರಪುರದ ಓಣಿಗಳಿಗೆಲ್ಲ ಹೋಯಿತು. ಒಬ್ಬರೂ ಬರಲಿಲ್ಲ. ಓಣಿಗಳಲ್ಲಿ ಗಂಡಸರು ನನ್ನನ್ನು ಕಂಡರೆ ಒಳಗೆ ಸರಿಯತೊಡಗಿದರು.

ಆ ವಾರವೇ ಒಬ್ಬ ಹೆಣ್ಣುಮಗಳು ಮ್ಯೂಜಿಯಮ್ಮಿನ ಮೆಟ್ಟಿಲು ಹತ್ತಿ ಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಜೋತಾಡುತ್ತಿತ್ತು.

"ಚೀಟಿ ಹಂಚಿದಾಕಿ ನೀವೇ ಏನ್ರಿ ಅಕ್ಕೋರೆ?"

"ಹೌದು, ನಾನೇ."

"ಪುಣ್ಯಾತಗಿತ್ತಿ ಇದ್ದೀರಿ. ನಿಮ್ಮ ಚೀಟಿ ದೆಸಿಂದ ನಮ್ಮ ಓಣಿ ಗಂಡಸರೆಲ್ಲ ಖಂಡೆ ಹೊತಗೊಂಡು ಮುಚ್ಚಿಡಾಕ ಬಣವಿ ಹುಡುಕಾಕತ್ತಾರ. ಬಾಜೂ ಮನಿ ಕಾಕಾ ಜೋಳದ ಗುಮ್ಮಿಯೊಳಗ ಇಟ್ಟಾನ. ಕಾಕಿ ಅಳಾಕತ್ತಾಳ, ಜೋಳ ತೆಗಿಯಾಕ ಕೈ ಹಾಕಿದ್ರ ಬೆರಳು ಹೋಗ್ತಾವಂತ."

ಆಗ ನನಗೆ ಅರ್ಥವಾಯಿತು. ನಮ್ಮ ಕಡೆ ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕು ಠಾಣೆಗೆ ಜಮಾ ಮಾಡಬೇಕು. ಆಗಲೂ ಚುನಾವಣೆ ಹತ್ತಿರವಿತ್ತು. ಮುದ್ರೆ ಇದ್ದ ಕಾಗದ, ಅದರಲ್ಲಿ ಶಸ್ತ್ರ, ಅದರಲ್ಲಿ ಹಾಜರಾಗತಕ್ಕದ್ದು. ಈ ಸಲ ಖಂಡೆಗಳನ್ನೂ ಜಮಾ ಮಾಡಿಸಿಕೊಳ್ಳುತ್ತಾರೆ ಅಂತ ಊರು ತಿಳಿದಿತ್ತು. ನಗಬೇಕೋ ಅಳಬೇಕೋ ತಿಳಿಯದೆ ನಿಂತೆ. ಆದರೆ ಅದೇ ಹೊತ್ತಿಗೆ ಇನ್ನೊಂದು ವಿಷಯ ಎದೆಗೆ ಬಡಿಯಿತು. ಅಷ್ಟೊಂದು ಮನೆಗಳಲ್ಲಿ ಖಂಡೆಗಳಿವೆ. ಜಗುಲಿಯ ಮೇಲೆ, ದೇವರ ಪಕ್ಕದಲ್ಲಿ, ಇಷ್ಟು ತಲೆಮಾರು ದಾಟಿ ಬಂದು ಸುಮ್ಮನೆ ಮಲಗಿವೆ. ನಾನು ಎರಡು ಕೋಣೆ ಕಾಯುತ್ತಿದ್ದೆ. ಇಡೀ ಊರೇ ಮ್ಯೂಜಿಯಂ ಆಗಿತ್ತು.

"ನಿಮ್ಮ ಮನೆಯಲ್ಲೂ ಇದೆಯೇನು?" ಅಂತ ಕೇಳಿದೆ.

"ನಮ್ಮದು ಇಲ್ಲೇ ಅದರಿ" ಅಂದು ಆಕೆ ನೇರ ಒಳಗೆ ಹೋಗಿ ಕಿಟಕಿ ಪಕ್ಕದ ಗಾಜಿನ ಪೆಟ್ಟಿಗೆಯ ಮುಂದೆ ನಿಂತಳು. ಹೆಸರು ನಾಗಮ್ಮ. ಆಕೆಯ ಮಾವ ಕೊಟ್ಟ ಖಂಡೆ ಅದು. ಆತನ ಗಂಡುಮಕ್ಕಳಿಬ್ಬರು ಬೇರೆಯಾಗುವಾಗ ಖಂಡೆ ಯಾರಿಗೆ ಅಂತ ಕೈ ಕೈ ಹತ್ತುವ ಮಟ್ಟಕ್ಕೆ ಹೋಗಿತ್ತಂತೆ. "ಹೊಲ ಹರದು ಹಂಚಬಹುದು. ಖಂಡೆ ಹ್ಯಾಂಗ ಹರೀತೀರಿ ಮಕ್ಕಳ್ರಾ?" ಅಂದು ಮುದುಕ ಅದನ್ನು ತಂದು ಇಲ್ಲಿ ಕೊಟ್ಟುಬಿಟ್ಟ. ಈಗ ಆ ಮುದುಕನೂ ಇಲ್ಲ, ನಾಗಮ್ಮನ ಗಂಡನೂ ಇಲ್ಲ. ಪ್ರತಿ ಮಹಾನವಮಿಗೆ ಖಂಡೇಪೂಜೆಯ ದಿನ ಆಕೆ ಬಂದು ಗಾಜಿನ ಹೊರಗೆ ನಿಂತು ಕೈ ಮುಗಿದು ಹೋಗುತ್ತಿದ್ದಳು.

ಸಾಹೇಬರ ಲಾರಿಯ ಮಾತು ಹೇಳಿದೆ. ಆಕೆ ಟೇಪನ್ನು ಕೊರಳಿಂದ ತೆಗೆದು ಕೈಗೆ ಸುತ್ತತೊಡಗಿದಳು.

"ಗಂಡ ಹೋದ, ಮಾವ ಹೋದ. ಆ ಮನೀದು ಅಂತ ನನಗ ಉಳಿದದ್ದು ಇದೊಂದೇ ಅದ. ಇದು ಕಲಬುರ್ಗಿಗಿ ಹೋದ್ರ ನವಮಿ ದಿನ ನಾ ಬಸ್ ಸ್ಟ್ಯಾಂಡಿಗಿ ಕೈ ಮುಗೀಲೇನ್ರಿ?"

ಮರುದಿನದಿಂದ ಹೊಲಿಗೆ ಮುಗಿಸಿ ಮಧ್ಯಾಹ್ನ ಬರತೊಡಗಿದಳು. ಸ್ವಯಂಸೇವಕಿ ಅಂತ ನಾನು ಅಂದರೆ ಆಕೆಗೆ ಸೇರುತ್ತಿರಲಿಲ್ಲ. "ನಾ ಸೇವಾ ಗೀವಾ ಮಾಡಾಕಿ ಅಲ್ರಿ. ನನ್ನ ಖಂಡೆ ಹೋಗಬಾರದು, ಅದಕ್ಕ ಬರ್ತೀನಿ." ಹೊಸಬರು ಈ ಮಾತನ್ನು ಮನಸ್ಸಿನಲ್ಲಿಡಬೇಕು. ಪಗಾರವಿಲ್ಲದೆ ಬರುವವರು ಇತಿಹಾಸದ ಮೇಲಿನ ಪ್ರೀತಿಗೆ ಬರುವುದಿಲ್ಲ. ಅವರದೇ ಏನೋ ಒಂದು ಅಲ್ಲಿರುತ್ತದೆ. ಅದು ಯಾವುದೆಂದು ತಿಳಿದುಕೊಳ್ಳುವುದೇ ನಮ್ಮ ನೌಕರಿಯ ಅರ್ಧ ಕೆಲಸ.

ಎರಡನೆಯವರು ರಂಗಂಪೇಟೆಯ ದೇವಿಂದ್ರಪ್ಪ, ಸೈನ್ಯದಿಂದ ನಿವೃತ್ತರಾದ ಹವಾಲ್ದಾರರು. ಮನೆಯಲ್ಲಿ ಸೊಸೆಯಂದಿರು ತಮ್ಮ ಕತೆ ಕೇಳುವುದಿಲ್ಲ ಅಂತ ಬಂದವರು, ಹಾಗಂತ ಅವರೇ ಹೇಳಿದರು. ಶಾಲೆಯ ಮಕ್ಕಳನ್ನು ಕರೆತಂದು ಅವರ ಮುಂದೆ ಬಿಟ್ಟೆ. ನಾನು ಬರೆದಿಟ್ಟ ಚೀಟಿಯಲ್ಲಿ ತುಪಾಕಿಯ ಉದ್ದ, ಲೋಹ, ಕಾಲ ಎಲ್ಲ ಇತ್ತು. ಅವರು ಅದನ್ನು ನೋಡಲೂ ಇಲ್ಲ.

"ಕೇಳ್ರಪ್ಪಾ. ಈ ತುಪಾಕಿ ಒಮ್ಮಿ ಹಾರಿಸಿ ಮತ್ತೊಮ್ಮಿ ಮದ್ದು ತುಂಬೋದ್ರಾಗ ಎದುರಿನಾವ ಒಂದು ಬೀಡಿ ಸೇದಿ ಮುಗಿಸಬಹುದು. ಅದಕ್ಕ ಮೊದಲನೇ ಗುಂಡೇ ತಾಗಬೇಕು. ತಾಗಲಿಲ್ಲ ಅಂದ್ರ ಅವನ ಬೀಡಿ ಮುಗೀತು, ನಿಮ್ಮ ಆಯುಷ್ಯಾನೂ ಮುಗೀತು."

ಮಕ್ಕಳು ಉಸಿರು ಬಿಗಿಹಿಡಿದು ನಿಂತಿದ್ದರು. ತೊಂದರೆ ಏನೆಂದರೆ ಹವಾಲ್ದಾರರ ಕತೆ ಬೆಳೆಯುತ್ತಾ ಹೋಗುತ್ತಿತ್ತು. ಒಂದು ವಾರ ನೂರು ಮಂದಿಯನ್ನು ಓಡಿಸಿದ ಖಂಡೆ ಮುಂದಿನ ವಾರ ಸಾವಿರ ಮಂದಿಯನ್ನು ಓಡಿಸುತ್ತಿತ್ತು. ಮಕ್ಕಳ ಮುಂದೆ ಹಿರಿಯರನ್ನು ತಿದ್ದಿದರೆ ಅವರು ಮತ್ತೆ ಬರುವುದಿಲ್ಲ. ಹಾಗಾಗಿ ನಾನು ಹಿಂದೆ ನಿಂತು ಕೆಮ್ಮುವುದು ಅಂತ ಇಬ್ಬರೂ ಒಪ್ಪಿಕೊಂಡೆವು. ಕೆಲವು ದಿನ ಗುಟ್ಟಾಗಿ ನಡೆಯಿತು. ಆಮೇಲೆ ಅವರೇ ಮಕ್ಕಳಿಗೆ ಹೇಳಿಬಿಟ್ಟರು: "ಅಕ್ಕೋರಿಗಿ ಕೆಮ್ಮು ಬಂತು ಅಂದ್ರ ನಾ ಸುಳ್ಳ ಹೇಳಾಕತ್ತೀನಿ ಅಂತ ತಿಳೀರಿ." ಅಂದಿನಿಂದ ನಾನು ಖರೆ ನೆಗಡಿಯಾಗಿ ಕೆಮ್ಮಿದರೂ ಮಕ್ಕಳು ಹೋ ಅನ್ನುತ್ತಿದ್ದರು.

ಮಳೆಗಾಲದ ನಡುವೆ ಸಾಹೇಬರು ಮತ್ತೆ ಬರುತ್ತಾರೆ ಅಂತ ಫೋನ್ ಬಂತು. ನಾನು ಒಂದು ಕೆಲಸಕ್ಕೆ ಯಾದಗಿರಿಗೆ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ನಾಗಮ್ಮ ತನ್ನ ಓಣಿಯ ಹೆಣ್ಣುಮಕ್ಕಳನ್ನು ಕರೆತಂದಿದ್ದಳು. ಹುಣಸೆಹಣ್ಣು ನೆನೆಸಿ, ಬೂದಿ ಹಾಕಿ, ತೆಂಗಿನ ನಾರಿನಿಂದ ಹಿತ್ತಾಳೆ ತೋಪನ್ನೂ ಗುರಾಣಿಯ ಮೇಲಿನ ಉಬ್ಬು ಮೊಗ್ಗುಗಳನ್ನೂ ಹಬ್ಬದ ಕೊಡ ಬೆಳಗಿದ ಹಾಗೆ ಬೆಳಗಿಟ್ಟಿದ್ದರು. ತೋಪು ಹೊಸ ಚೊಂಬಿನಂತೆ ಹೊಳೆಯುತ್ತಿತ್ತು. ಹಿಂದೆಯೇ ಸಾಹೇಬರ ಜೀಪು ಬಂದು ನಿಂತಿತು.

ಸಾಹೇಬರು ತೋಪಿನ ಮುಂದೆ ಕೂತೇಬಿಟ್ಟರು. "ಇದನ್ನ ಬೆಳಗಿದ್ದು ಯಾರು?"

"ನಾವೇ ರಿ ಸಾಹೇಬ್ರ" ಅಂದಳು ನಾಗಮ್ಮ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ. "ಇನ್ನೆರಡು ದಿನ ತಡದು ಬಂದಿದ್ರ ಮಾರಿ ಕಾಣಂಗ ಮಾಡ್ತಿದ್ವಿ."

"ಅಮ್ಮಾ, ಮೇಲೆ ಕಪ್ಪಗೆ ಇತ್ತಲ್ಲ, ಅದು ಕೊಳೆ ಅಲ್ಲ. ಅದು ಇದರ ಚರ್ಮ. ಅದೇ ಇದನ್ನ ಇಷ್ಟು ಕಾಲ ಕಾಪಾಡಿದ್ದು. ನೀವು ಸುಲಿದುಬಿಟ್ರಿ."

ನಾಗಮ್ಮನ ಮುಖ ಸಣ್ಣದಾಯಿತು. ಆದರೂ ಕೇಳದೆ ಬಿಡಲಿಲ್ಲ: "ಮನ್ಯಾಗ ದೇವರ ಮುಂದಿನ ದೀಪದ ಸಮೆ ಬೆಳಗಲಿಲ್ಲ ಅಂದ್ರ ನಮ್ಮತ್ತಿ ಒದೀತಿದ್ಲು. ಇಲ್ಲಿ ಬೆಳಗಿದ್ರ ನೀವು ಬೈತೀರಿ. ನಾವು ಯಾರ ಮಾತು ಕೇಳೋಣ್ರಿ?"

ಸಾಹೇಬರು ಎದ್ದರು. ಹೊರಡುವಾಗ ನನ್ನೊಬ್ಬಳಿಗೇ ಹೇಳಿದರು: "ದಸರಾಕ್ಕೆ ನಾನೇ ಬರ್ತೀನಿ. ನಿಮ್ಮವರ ಪ್ರೀತಿಯ ಕೈಯಿಂದಲೇ ಇವನ್ನ ಪಾರು ಮಾಡಬೇಕಾಗಿದೆ ಅಂತ ಕಾಣುತ್ತೆ." ಮರುದಿನದಿಂದ ಹೆಣ್ಣುಮಕ್ಕಳಿಗೆ ಒಣ ಹತ್ತಿಬಟ್ಟೆ, ಮೆತ್ತನೆಯ ಕುಂಚ, ನೀರಿನ ಹನಿಯೂ ಕೂಡದು ಅಂತ ಕಲಿಸಿದೆ. ನಾಗಮ್ಮ ಆ ಕುಂಚ ಹಿಡಿದು ಕೂತರೆ ಉಸಿರು ಸಹ ಪಕ್ಕಕ್ಕೆ ತಿರುಗಿಸಿ ಬಿಡುತ್ತಿದ್ದಳು.

ದಸರಾ ಹತ್ತಿರ ಬಂದಾಗ ಗುಮ್ಮಿಯೊಳಗೆ ಅಡಗಿದ ಖಂಡೆಗಳು ನನ್ನ ತಲೆಯಲ್ಲಿ ತಿರುಗತೊಡಗಿದವು. ನಮ್ಮ ಖಂಡೆ ನೋಡಲು ಮಂದಿ ಬರುವುದಿಲ್ಲ, ಖರೆ. ತಮ್ಮ ಖಂಡೆ ತೋರಿಸಲು ಬಂದಾರೇ? ಖಂಡೇಪೂಜೆಯನ್ನು ಎಲ್ಲರೂ ಬೇವಿನ ಗಿಡದ ಕೆಳಗೆ ಕೂಡಿ ಮಾಡಿದರೆ? ಈ ಸಲ ಕರಪತ್ರವಿಲ್ಲ. ನಾಗಮ್ಮ, ಹವಾಲ್ದಾರರು, ನಾನು ಮನೆ ಮನೆಗೆ ಹೋಗಿ ಎಲೆ ಅಡಿಕೆ ಕೊಟ್ಟು ಕರೆದೆವು. ಯಾದಗಿರಿ, ಶಹಾಪುರ, ವಡಗೇರಾದ ಶಾಲೆ ಮಾಸ್ತರರ ವಾಟ್ಸಾಪಿಗೆ ಖಂಡೆಗಳ ಫೋಟೋ ಕಳಿಸಿದೆವು. ಕೆಲವು ಮನೆಗಳಲ್ಲಿ ಎಲೆ ಅಡಿಕೆ ಕೈಯಿಂದ ತೆಗೆದುಕೊಂಡರು. ಕೆಲವು ಮನೆಗಳಲ್ಲಿ ನನ್ನ ಕೈಯಿಂದ ತೆಗೆದುಕೊಳ್ಳದೆ ಕಟ್ಟೆಯ ಮೇಲೆ ಇಡಿಸಿಕೊಂಡರು. ಯಾಕೆಂದು ನಾನು ಕೇಳಲಿಲ್ಲ, ನನಗೆ ಗೊತ್ತಿತ್ತು. ಕರೆಯುವುದನ್ನು ಮಾತ್ರ ಬಿಡಲಿಲ್ಲ.

ರಂಗಂಪೇಟೆಯಲ್ಲಿ ಎಲ್ಲರಿಗಿಂತ ಹಿರಿಯನೊಬ್ಬನಿದ್ದ. ಎಲ್ಲರೂ ಮುತ್ಯಾ ಅನ್ನುತ್ತಿದ್ದರು. ಆತ ಹೂಂ ಅಂದರೆ ಓಣಿ ಹೂಂ ಅನ್ನುತ್ತದೆ. ಆತ ನಮ್ಮ ಮಾತು ಪೂರಾ ಕೇಳಿ ಅಂದ: "ಖಂಡೆ ಹೊಸ್ತಿಲಾ ದಾಟಿದ್ರ ಬಾಯಾಗ ಏನರ ಹಾಕದ ತಿರುಗಿ ಒಳಗ ಬರಂಗಿಲ್ಲ. ಅದು ಯುದ್ಧದ ಸಾಮಾನು. ಹೊರಗ ಬಂತು ಅಂದ್ರ ಹಸಗೊಂಡು ಬರ್ತದ. ನಿಂಬಿಹಣ್ಣರ ಕಡೀಬೇಕು."

"ಕಡೀರಿ ಮುತ್ಯಾ" ಅಂದೆ. "ನಿಮ್ಮ ಖಂಡೆ, ನಿಮ್ಮ ನಿಂಬಿಹಣ್ಣು. ಗಿಡದ ಕೆಳಗೆ ಏನು ಮಾಡಿದರೂ ನನ್ನ ತಕರಾರಿಲ್ಲ."

ತಿರುಗಿ ಬರುವಾಗ ನಾಗಮ್ಮ ದಾರಿಯಲ್ಲೇ ನಿಂತಳು. "ಎಲ್ಲಾರ ಖಂಡೆಗೂ ನಿಂಬಿಹಣ್ಣು ಅದ. ನನ್ನ ಖಂಡೆಗಿ?"

ಪೆಟ್ಟಿಗೆಯ ಬೀಗದಕೈ ನನ್ನ ಸೆರಗಿನಲ್ಲೇ ಇತ್ತು. ತೆರೆಯಬಹುದಿತ್ತು. ಆದರೆ ನಿಂಬೆಯ ಹುಳಿ ಹಳೆಯ ಅಲಗನ್ನು ತಿನ್ನುತ್ತದೆ. ತೋಪಿನ ಚರ್ಮ ಸುಲಿದದ್ದನ್ನು ನೋಡಿದ ಮೇಲೆ ನನ್ನ ಕೈ ಬರಲಿಲ್ಲ. ಆಗುವುದಿಲ್ಲ ಅಂದೆ. ಹವಾಲ್ದಾರರು ಕೆಮ್ಮಿದರು.

"ನಮ್ಮ ಪಲ್ಟನ್ನಿನಾಗ ಆಯುಧ ಪೂಜಿ ಇರ್ತಿತ್ತು ತಂಗಿ. ಸುಬೇದಾರ ಬಾಳ ಕಟ್ಟುನಿಟ್ಟು. ರೈಫಲ್ಲಿಗಿ ಎಣ್ಣಿ ಬಿಟ್ಟು ಬ್ಯಾರೆ ಏನೂ ಮುಟ್ಟಸಾಕ ಬಿಡ್ತಿದ್ದಿಲ್ಲ. ಅದಕ್ಕ ನಾವು ರೈಫಲ್ ಇಡೋ ಕೋಣಿ ಬಾಗಿಲಿಗೇ ಕುಂಕುಮ ಹಚ್ಚಿ ಕಾಯಿ ಒಡೀತಿದ್ವಿ. ದೇವರೇನು ಸಿಟ್ಟಾಗಲಿಲ್ಲ. ಗುಂಡೂ ಸರಿಯಾಗೇ ಹೋದವು."

"ಬಾಗಿಲಿಗಿ?" ಅಂದಳು ನಾಗಮ್ಮ.

"ಒರೆಯೊಳಗಿನ ಖಂಡೆಗೆ ಒರೆಗೇ ಕುಂಕುಮ ಹಚ್ಚುವುದಿಲ್ಲವೇನು?" ಅಂತ ನಾನು ಅಂದೆ. "ಈ ಗಾಜನ್ನೂ ಒರೆ ಅಂತ ತಿಳಿ."

ಬಹಳ ದೂರ ನಡೆದ ಮೇಲೆ ಆಕೆ ಅಂದಳು: "ತಿಳೀತೀನಿ. ಆದ್ರ ಒರಿ ಇಲ್ಲೇ ಇರಬೇಕು."

ಮಹಾನವಮಿಯ ಮುಂಜಾನೆ ಸಾಹೇಬರ ಜೀಪು ಬೇಗನೆ ಬಂತು. ಗಿಡದ ಕೆಳಗೆ ಕರಿ ಕಂಬಳಿ ಹಾಸಿದ್ದೆವು. ಅದರ ಮೇಲೆ ಬೇವಿನ ಎಲೆ ಬಿಟ್ಟು ಏನೂ ಇರಲಿಲ್ಲ. ಸಾಹೇಬರು ಗಡಿಯಾರ ನೋಡಲಿಲ್ಲ, ಒಳ್ಳೆಯ ಮನುಷ್ಯ. ಹವಾಲ್ದಾರರು ಸೈನ್ಯದ ಟೋಪಿ ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದರು. ನಾಗಮ್ಮ ಒಳಗೆ ಗಾಜಿನ ಮುಂದೆ ಇದ್ದಳು.

ಮೊದಲು ಮುತ್ಯಾ ಬಂದ. ಬರಿಗಾಲು, ಬಿಳಿ ಧೋತರ, ತಲೆಯ ಮೇಲೆ ಹೊಸ ಹಸಿರು ಖಣದಲ್ಲಿ ಸುತ್ತಿದ ಖಂಡೆ. ಆತನ ಹಿಂದೆ ಗುಮ್ಮಿಯಲ್ಲಿ ಖಂಡೆ ಅಡಗಿಸಿದ್ದ ಕಾಕಾ. ಅವನ ಹಿಂದೆ ರಸ್ತೆ ತಿರುಗುವ ತನಕ, ತಿರುವಿನ ಆಚೆಗೂ, ಮಂದಿ. ಬಾಜಾ ಇಲ್ಲ, ಜೈಕಾರ ಇಲ್ಲ. ಕಾಲ ಸಪ್ಪಳ ಮಾತ್ರ. ಬಸ್ಸು ನಿಲ್ಲಿಸಿಕೊಂಡು ಡ್ರೈವರ್ ಕೆಳಗಿಳಿದು ನಿಂತಿದ್ದ. ಒಬ್ಬೊಬ್ಬರಾಗಿ ಬಂದು ಬಟ್ಟೆ ಬಿಚ್ಚಿದರು. ಕೆಲವರು ನನ್ನ ಕೈಗೆ ಕೊಟ್ಟರು, ಕೆಲವರು ಕಂಬಳಿಯ ಮೇಲೆ ತಾವೇ ಇಟ್ಟರು. ಬಾಗಿದವು, ನೆಟ್ಟಗಿದ್ದವು, ತುದಿ ಮುರಿದವು, ಹಿಡಿಕೆಗೆ ಹಳೆಯ ಸೀರೆಯ ಚೂರು ಸುತ್ತಿದವು. ಕಂಬಳಿ ಸಾಲದೆ ಇನ್ನೊಂದು ಹಾಸಿದೆವು, ಅದೂ ಸಾಲದೆ ಹೆಣ್ಣುಮಕ್ಕಳು ತಮ್ಮ ಸೀರೆ ಹಾಸಿದರು. ಗಿಡದ ಎಲೆಗಳ ನಡುವಿಂದ ಬಿದ್ದ ಬಿಸಿಲು ಅಷ್ಟೂ ಅಲಗುಗಳ ಮೇಲೆ ಅಲ್ಲಾಡುತ್ತಿತ್ತು. ಪುಸ್ತಕದಲ್ಲಿ ನಾನು ಓದಿದ್ದ ಪಡೆ ಅಷ್ಟೂ ದಿನ ಬರೀ ಅಕ್ಷರವಾಗಿತ್ತು. ಅದು ನನ್ನ ಕಣ್ಣೆದುರು ಸಾಲಾಗಿ ಮಲಗಿತ್ತು. ಸಗರದ ಕೂಲಿಯವರ ಮಗಳು ನಾನು ಅದರ ನಡುವೆ ನಿಂತಿದ್ದೆ.

ಸಾಹೇಬರು ಯಾವಾಗ ಬೂಟು ಬಿಚ್ಚಿದರೋ ನಾನು ನೋಡಲಿಲ್ಲ. ಬರಿಗಾಲಲ್ಲಿ ಸಾಲಿನ ಉದ್ದಕ್ಕೂ ನಡೆದು, ಕೆಲವು ಕಡೆ ಮಂಡಿಯೂರಿ ನೋಡಿ, ಮುಟ್ಟದೆ ಎದ್ದರು. ನಿಂಬೆಹಣ್ಣು ಕಡಿಯುವುದು ಶುರುವಾದಾಗ ಅವರು ಮುಖ ಕಿವುಚಿದರು, ಆದರೆ ತಡೆಯಲಿಲ್ಲ. ಒಳಗೆ ಬಂದಾಗ ನಾಗಮ್ಮ ಗಾಜಿಗೆ ಕುಂಕುಮ ಹಚ್ಚುತ್ತಿದ್ದಳು. ಒಂದೇ ಬೊಟ್ಟು, ಖಂಡೆಯ ಹಿಡಿಕೆ ಇರುವ ಜಾಗಕ್ಕೆ ಸರಿಯಾಗಿ.

"ಇದು ನಿಮ್ಮದಾ ಅಮ್ಮ?"

"ಹೌದ್ರಿ. ಗಾಜಿಗಿ ಅಷ್ಟೇ ಹಚ್ಚೀನಿ. ಒಳಗ ಏನೂ ಮುಟ್ಟಿಲ್ಲ."

ಸಾಹೇಬರು ತಲೆಯಾಡಿಸಿ, ಆಮೇಲೆ ಹೊರಗೆ ಹೋಗಿ ಪಡಸಾಲೆಯ ಮೆಟ್ಟಿಲ ಮೇಲೆ ನಿಂತರು. ಮಂದಿ ಅವರ ಕಡೆ ತಿರುಗಿದರು. ನಾಗಮ್ಮ ನನ್ನ ಪಕ್ಕದಲ್ಲಿ ಬಂದು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಹಿರಿಯರೇ, ಮುಚ್ಚಿಟ್ಟು ಮಾತಾಡಲ್ಲ" ಅಂದರು ಸಾಹೇಬರು. "ಈ ಮ್ಯೂಜಿಯಮ್ಮಿನ ವಸ್ತುಗಳನ್ನ ಕಲಬುರಗಿಗೆ ಒಯ್ಯಬೇಕು ಅಂತ ಇದ್ದೆ. ನೀವು ಏನಂತೀರಿ?"

ಎಲ್ಲರೂ ಮುತ್ಯಾನ ಮುಖ ನೋಡಿದರು. ಆತ ತನ್ನ ಖಂಡೆಯನ್ನು ಮತ್ತೆ ಖಣದಲ್ಲಿ ಸುತ್ತುತ್ತಿದ್ದ. ಸುತ್ತಿ ಮುಗಿಯುವ ತನಕ ತಲೆ ಎತ್ತಲಿಲ್ಲ.

"ಒಯ್ರಿ ಸಾಹೇಬ್ರ" ಅಂದ. "ನಾವು ಬ್ಯಾಡ ಅನ್ನಾಕ ಯಾರು. ಆದ್ರ ಇವು ಎಲ್ಲಿ ಇರ್ತಾವೋ ಪೂಜಿ ಅಲ್ಲೇ. ವರ್ಷಾ ನವಮಿಗಿ ನಾವು ಇಷ್ಟೂ ಮಂದಿ, ಹೆಂಗಸರು ಹುಡುಗರು ಸೈತ, ಹಿಂಗೇ ಖಂಡೆ ಹೊತಗೊಂಡು ನಿಮ್ಮ ಕಲಬುರ್ಗಿಗಿ ಬರ್ತೀವಿ. ಅಲ್ಲಿ ಕುಂದ್ರಾಕ ಜಾಗಾ ಅದ ಏನ್ರಿ?"

ಗಿಡದ ಕೆಳಗೆ ನಗೆ ಎದ್ದಿತು. ಹವಾಲ್ದಾರರು ಟೋಪಿ ತೆಗೆದು ನಕ್ಕರು. ನಾಗಮ್ಮ ನಗಲಿಲ್ಲ. ಆಕೆಯ ಕಣ್ಣು ಸಾಹೇಬರ ತುಟಿಯ ಮೇಲೆಯೇ ಇತ್ತು.

ಸಾಹೇಬರು ಕಂಬಳಿಗಳ ಕಡೆ, ರಸ್ತೆಯ ತನಕ ನಿಂತ ಮಂದಿಯ ಕಡೆ, ತಮ್ಮ ಬರಿಗಾಲಿನ ಕಡೆ ನೋಡಿದರು.

"ಇಲ್ಲ ಯಜಮಾನರೇ" ಅಂದರು. "ಅಲ್ಲಿ ಅಷ್ಟು ಜಾಗ ಇಲ್ಲ."

ನಾಗಮ್ಮ ನಿಂತಲ್ಲೇ, ಹೊಸ್ತಿಲ ಮೇಲೆ, ಕೂತುಬಿಟ್ಟಳು.